ಗುಪ್ತ ಮತದಾನಕ್ಕೆ ಅರವತ್ತು ಸಹಿ

ಬೇರೆಯವರನ್ನು ಸುಧಾರಿಸುವ ಹುಚ್ಚು ಹಿಡಿದವನು ಮೊದಲು ಕಳೆದುಕೊಳ್ಳುವುದು ಮಧ್ಯಾಹ್ನದ ನಿದ್ದೆಯನ್ನು. ಎಲೆ ಅಡಿಕೆಯ ಚಟವಾದರೆ ಒಬ್ಬನ ಹಲ್ಲು ಮಾತ್ರ ಕೆಡುತ್ತದೆ. ಈ ಚಟಕ್ಕೆ ನಾಲ್ಕು ಜನರ ನೆಮ್ಮದಿ ಬೇಕು. ನನಗೆ ಇದು ಅಂಟಿಕೊಂಡು ಎರಡು ವರ್ಷವಾಯಿತು. ನಾನು ಸೈನ್ಯದಲ್ಲಿ ಇಪ್ಪತ್ತನಾಲ್ಕು ವರ್ಷ ಕ್ಲರ್ಕ್ ಕೆಲಸ ಮಾಡಿ ಹವಾಲ್ದಾರನಾಗಿ ನಿವೃತ್ತನಾದವನು. ಬಂದೂಕಿಗಿಂತ ಕಾರ್ಬನ್ ಪೇಪರನ್ನೇ ಹೆಚ್ಚು ಹಿಡಿದಿದ್ದೇನೆ. ಅರಕೆರೆಯ ನಮ್ಮ ಮನೆಗೆ ಬಂದ ನೆಂಟರು ಯುದ್ಧದ ಕಥೆ ಹೇಳಿ ಎಂದು ಕೇಳಿದರೆ, ಒಮ್ಮೆ ಕಳೆದುಹೋದ ರಜೆ ಅರ್ಜಿಗಳ ಫೈಲನ್ನು ನಾನು ಹುಡುಕಿ ತೆಗೆದ ಕಥೆ ಹೇಳುತ್ತೇನೆ. ಫೈಲು ಸಿಗುವ ಹೊತ್ತಿಗೆ ನೆಂಟರು ಬಸ್ ಸ್ಟ್ಯಾಂಡಿನಲ್ಲಿರುತ್ತಾರೆ.

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ ಮತ್ತು ನಾಗಮಂಗಲ, ಈ ನಾಲ್ಕೂ ತಾಲ್ಲೂಕಿನ ಮಾಜಿ ಸೈನಿಕರಿಗೆ ಸೇರಿ ಒಂದು ಸಂಘವಿದೆ. ನಾನು ಹುಟ್ಟುವ ಮೊದಲೇ ಹುಟ್ಟಿದ ಸಂಘ. ಪಟ್ಟಣದ ಕೋಟೆಯ ಕಂದಕದ ಹತ್ತಿರ ಅದಕ್ಕೊಂದು ಹೆಂಚಿನ ಕಟ್ಟಡ, ಒಳಗೊಂದು ಸಭೆಯ ಹಾಲು, ಹೊರಗೊಂದು ಜಗುಲಿ. ನಾನು ಅದರ ಕಾರ್ಯದರ್ಶಿಯಾಗಿದ್ದೆ. ಎಲ್ಲರೂ ನನ್ನನ್ನು ಬಾಬು ಎಂದು ಕರೆಯುತ್ತಾರೆ. ಸೈನ್ಯದಲ್ಲಿ ಕ್ಲರ್ಕಿಗೆ ಬೀಳುವ ಹೆಸರು ಅದು, ನಿವೃತ್ತಿಯಾದರೂ ಅಳಿಸುವುದಿಲ್ಲ. ಅಧ್ಯಕ್ಷರು ಆನರರಿ ಕ್ಯಾಪ್ಟನ್ ಮರಿಗೌಡರು, ನಾಗಮಂಗಲದ ಕಡೆಯವರು. ಎಂಬತ್ತು ದಾಟಿದ್ದರೂ ಬೆನ್ನು ಮಾತ್ರ ಇನ್ನೂ ಪೆರೇಡಿನಲ್ಲೇ ಇದೆ. ಇಪ್ಪತ್ತೆರಡು ವರ್ಷದಿಂದ ಅವರೇ ಅಧ್ಯಕ್ಷರು. ಆ ಇಪ್ಪತ್ತೆರಡು ವರ್ಷದಲ್ಲಿ ನಮ್ಮ ಸಂಘದಲ್ಲಿ ಒಂದು ನಿರ್ಣಯಕ್ಕೂ ಭಿನ್ನಾಭಿಪ್ರಾಯ ಬಂದಿಲ್ಲ. ಬರುವುದಾದರೂ ಹೇಗೆ? ಕೈ ಎತ್ತಿ ಎಂದರೆ ಎಲ್ಲರ ಕಣ್ಣೂ ಕ್ಯಾಪ್ಟನ್ ಸಾಹೇಬರ ಕೈ ಮೇಲೆ. ಆ ಕೈ ಎದ್ದರೆ ಇಡೀ ಹಾಲು ಎದ್ದಿತು, ಎದ್ದಿಲ್ಲವಾದರೆ ಇಡೀ ಹಾಲಿಗೆ ಕೈಯೇ ಇಲ್ಲ.

ಎರಡು ವರ್ಷದ ಕೆಳಗೆ ಮೈಸೂರಿನಲ್ಲಿ ಸಂಘ ಸಂಸ್ಥೆಗಳ ಪದಾಧಿಕಾರಿಗಳಿಗೆ ಎರಡು ದಿನದ ತರಬೇತಿ ಎಂದು ಕರೆದರು. ಹೋದೆ. ಊಟ ಚೆನ್ನಾಗಿತ್ತು. ಒಬ್ಬ ಹುರುಪಿನ ಹೆಣ್ಣುಮಗಳು ಗೋಡೆಯ ಮೇಲೆ ಚಿತ್ರ ತೋರಿಸುತ್ತ, ಹಳೆಯ ಸಂಘಗಳು ಆಧುನಿಕವಾಗದಿದ್ದರೆ ಬಾಗಿಲು ಮುಚ್ಚುತ್ತವೆ ಎಂದಳು. ನನಗೆ ಎದೆ ಧಸಕ್ಕೆಂದಿತು. ಬರುವಾಗ ಬಸ್ಸಿನಲ್ಲೇ ಪಟ್ಟಿ ಮಾಡಿದೆ. ಮೊದಲನೆಯದು ವಾಟ್ಸಾಪ್ ಗ್ರೂಪು. ಮಾಡಿದೆ, ಎಲ್ಲರನ್ನೂ ಸೇರಿಸಿದೆ, ಎಲ್ಲರೂ 'ಹಾಜರ್ ಸಾಬ್' ಎಂದು ಕಳಿಸಿದರು, ಆಮೇಲೆ ಸದ್ದಿಲ್ಲ. ವಿಚಾರಿಸಿದರೆ, ಸೀನಿಯರ್ ಮಾತಾಡುವ ಮೊದಲು ಜೂನಿಯರ್ ಬಾಯಿ ಬಿಡುವುದು ಅಶಿಸ್ತಂತೆ. ಕ್ಯಾಪ್ಟನ್ ಸಾಹೇಬರು ಬೆಳಿಗ್ಗೆ ನಮಸ್ಕಾರ ಹಾಕಿದ ಮೇಲೆಯೇ ಉಳಿದವರದ್ದು, ಅದೂ ರ್‍ಯಾಂಕಿನ ಪ್ರಕಾರ. ಒಂದು ಸಲ ಅವರ ಫೋನು ತೊಟ್ಟಿಗೆ ಬಿದ್ದು ಒಂಬತ್ತು ದಿನ ನಾಲ್ಕು ತಾಲ್ಲೂಕು ಮೌನವಾಗಿತ್ತು. ಎರಡನೆಯದು ಕುರ್ಚಿ. ಸಾಲು ಬೇಡ, ಎಲ್ಲರೂ ಸಮಾನರು ಎಂದು ದುಂಡಗೆ ಹಾಕಿಸಿದೆ. ಹದಿನೈದು ನಿಮಿಷ ಗುಸುಗುಸು ನಡೆದು, ಕೊನೆಗೆ ಯಾರು ಯಾವ ವರ್ಷ ಭರ್ತಿಯಾದರೋ ಆ ಕ್ರಮದಲ್ಲಿ ದುಂಡಗೆ ಕೂತರು. ತೀರಾ ಕಿರಿಯನಾದವನು ಸುತ್ತು ಮುಗಿಸಿ ಕ್ಯಾಪ್ಟನ್ನರ ಪಕ್ಕಕ್ಕೇ ಬಂದುಬಿಟ್ಟು, ಸಭೆ ಮುಗಿಯುವವರೆಗೂ ಬೆವರುತ್ತಿದ್ದ.

ಈಗ ಸಣ್ಣಮ್ಮನ ವಿಷಯಕ್ಕೆ ಬರಬೇಕು. ಸಣ್ಣಮ್ಮ ಪಾಂಡವಪುರದ ಕಡೆಯ ಹೆಣ್ಣುಮಗಳು, ಐವತ್ತರ ಆಸುಪಾಸು. ಗಂಡ ಸೈನ್ಯದಲ್ಲಿ ನಾಯಕ್ ಆಗಿದ್ದು, ನಿವೃತ್ತಿಯಾದ ಮೂರನೇ ವರ್ಷಕ್ಕೆ ತೀರಿಕೊಂಡ. ಆ ಪುಣ್ಯಾತ್ಮ ಮದುವೆಯಾದ ಹೊಸದರಲ್ಲಿ, ಹೆಂಡತಿಯ ಹೆಸರು ಪಟಾಲಮ್ಮಿನಲ್ಲಿ ಒಸಿ ಸ್ಟೈಲಾಗಿರಲಿ ಎಂದು ದಾಖಲೆಯಲ್ಲಿ 'ಶಾಂತಲಾ' ಎಂದು ಬರೆಸಿಬಿಟ್ಟಿದ್ದ. ಇವಳಿಗೆ ಹೇಳಿರಲಿಲ್ಲ. ಅವನು ಹೋದ ಮೇಲೆ ಪಿಂಚಣಿ ಶಾಂತಲಾಗೆ ಬಂತು, ಸಣ್ಣಮ್ಮನಿಗೆ ಬರಲಿಲ್ಲ. ಇಬ್ಬರೂ ಒಬ್ಬಳೇ ಎಂದು ಸಾಬೀತು ಮಾಡಲು ಎರಡು ವರ್ಷ ಓಡಾಡಿದಳು. "ಮೊದಮೊದ್ಲು ನನ್ಗೇ ಅನ್ಮಾನ ಬಾಬಣ್ಣ, ಈ ಶಾಂತಲಾ ಅನ್ನೋಳು ಯಾರೋ ಬ್ಯಾರೆನೇ ಅವ್ಳೆ ಅಂತ" ಎಂದು ಒಮ್ಮೆ ಹೇಳಿದ್ದಳು. ಆ ಎರಡು ವರ್ಷದಲ್ಲಿ ಅವಳಿಗೆ ಗೊತ್ತಿಲ್ಲದ ಫಾರಂ ಉಳಿಯಲಿಲ್ಲ. ಆಮೇಲೆ ಬೇರೆಯವರ ಫಾರಂ ತುಂಬಿಕೊಡಲು ನಮ್ಮ ಜಗುಲಿಯ ಮೇಲೆ ಕೂತಳು, ಕೂತವಳು ಹನ್ನೊಂದು ವರ್ಷವಾದರೂ ಏಳಲಿಲ್ಲ.

ಪಿಂಚಣಿದಾರನ ಬಾಳಿನಲ್ಲಿ ನವೆಂಬರ್ ತಿಂಗಳು ಬಲು ಕೆಟ್ಟದ್ದು. ಆ ತಿಂಗಳು ನಾವು ಬದುಕಿದ್ದೇವೆ ಎಂದು ಸರ್ಕಾರಕ್ಕೆ ತೋರಿಸಬೇಕು. ಈಗ ಅದಕ್ಕೆ ಬೆರಳು ಒತ್ತುವ ಪುಟ್ಟ ಯಂತ್ರ ಬಂದಿದೆ. ಆದರೆ ನಮ್ಮವರ ಬೆರಳಿನಲ್ಲಿ ಗೆರೆ ಎಲ್ಲಿದೆ? ಸೈನ್ಯ ಬಿಟ್ಟು ಬಂದು ಗುದ್ದಲಿ ಹಿಡಿದವರು, ಆಲೆಮನೆಯಲ್ಲಿ ಬೆಲ್ಲ ಹುಯ್ದವರು, ಉಳಿ ಸುತ್ತಿಗೆ ಹಿಡಿದವರು. ಎಲ್ಲರ ಬೆರಳೂ ನುಣ್ಣಗೆ ಸವೆದಿವೆ. ಯಂತ್ರಕ್ಕೆ ಬೆರಳೊತ್ತಿದರೆ ಈ ಮನುಷ್ಯ ಇಲ್ಲವೆನ್ನುತ್ತದೆ. ಸಣ್ಣಮ್ಮ ಅವರ ಕೈಯನ್ನು ಬಿಸಿನೀರಿನಲ್ಲಿ ಅದ್ದಿಸಿ, ಒರೆಸಿ, ಒಂದು ತೊಟ್ಟು ಕೊಬ್ಬರಿ ಎಣ್ಣೆ ಸವರಿ, ಹತ್ತೂ ಬೆರಳಿನಲ್ಲಿ ಯಾವುದಾದರೂ ಒಂದು ಬದುಕಿದೆಯೇ ಎಂದು ನೋಡುತ್ತಾಳೆ. ಸಿಗುವವರೆಗೂ ಬಿಡುವುದಿಲ್ಲ. ಕ್ಯಾಪ್ಟನ್ನರನ್ನು ವರ್ಷವರ್ಷವೂ ಜೀವಂತ ಇಟ್ಟಿರುವುದು ಅವರ ಎಡಗೈಯ ಕಿರುಬೆರಳು. ಅದನ್ನು ಕಂಡುಹಿಡಿದವಳು ಸಣ್ಣಮ್ಮ.

ಇಷ್ಟೆಲ್ಲ ಮಾಡುವವಳು ಸಂಘದ ಸದಸ್ಯಳಲ್ಲ. 'ಸಮವಸ್ತ್ರ ಧರಿಸಿ ಸೇವೆ ಸಲ್ಲಿಸಿದವರು ಮಾತ್ರ ಸದಸ್ಯರು' ಎಂದು ನಮ್ಮ ಹಳೆಯ ನಿಯಮ. ಸತ್ತವನ ಹೆಸರಿಗೆ ಗೆರೆ ಎಳೆದರೆ ಅಲ್ಲಿಗೆ ಅವನ ಮನೆಯ ಲೆಕ್ಕ ಮುಗಿಯಿತು. ಮೂರು ಸಲ ಅವಳು ಅರ್ಜಿ ಹಾಕಿದಳು. ಮೂರು ಸಲವೂ ನಾನು ಓದಿದೆ, ಕೈ ಎತ್ತಿ ಎಂದೆ. ಕ್ಯಾಪ್ಟನ್ನರ ಕೈ ಮಡಿಲಲ್ಲೇ ಇತ್ತು. ಉಳಿದವರ ಕೈಯೂ ಅಲ್ಲೇ.

ಇದರ ಮೇಲೆ ನನ್ನ ಆಧುನಿಕತೆ ಬಂತಲ್ಲ. ಮೈಸೂರಿನಲ್ಲಿ ಕೊಟ್ಟಿದ್ದ ಮಾದರಿ ನಿಯಮಾವಳಿಯನ್ನು ನಾನು ಉತ್ಸಾಹದಲ್ಲಿ ಪೂರ್ತಿ ನಕಲು ಮಾಡಿ, ಅಚ್ಚು ಹಾಕಿಸಿ, ಸಭೆಯಲ್ಲಿ ಪಾಸು ಮಾಡಿಸಿದೆ. ಅದರ ಹನ್ನೊಂದನೇ ಕಲಮಿನಲ್ಲಿ, ಸದಸ್ಯರಲ್ಲದವರು ಸದಸ್ಯರ ಕಾಗದಪತ್ರ ಮುಟ್ಟುವಂತಿಲ್ಲ ಎಂದಿತ್ತು. ಬರೆಯುವಾಗ ಗಮನಿಸಿರಲಿಲ್ಲ. ಗಮನಿಸಿದವಳು ಸಣ್ಣಮ್ಮ; ಅಚ್ಚಾದದ್ದನ್ನು ಪೂರ್ತಿ ಓದಿದ್ದು ನಾಲ್ಕು ತಾಲ್ಲೂಕಿಗೆ ಅವಳೊಬ್ಬಳೇ. ಪುಸ್ತಕವನ್ನು ಜಗುಲಿಯಲ್ಲಿದ್ದ ನನ್ನ ಮೇಜಿನ ಮೇಲಿಟ್ಟು, "ಅಂಗಾದ್ರೆ ಬರೋ ತಿಂಗ್ಳಿಂದ ನಾನು ಬರೋ ಅಂಗಿಲ್ಲ ಅಲ್ವಾ ಬಾಬಣ್ಣ?" ಎಂದಳು. ನಾನು ಹನ್ನೊಂದನೇ ಕಲಮು ತೆರೆದು ನೋಡಿದೆ. "ಮನೇಲಿ ಎರ್ಡು ಹಸ ಅವೆ, ಕೆಲ್ಸುಕ್ಕೇನ್ ಬರ ಇಲ್ಲ. ಆದ್ರೆ ಇಲ್ಲಿ ಕೂತಾಗ್ಲೇ ಕನಣ್ಣ ನಾನೂ ಒಬ್ಳು ಅವ್ನಿ ಅನ್ಸೋದು" ಎಂದು ಹೇಳಿ ಕಣ್ಣು ಬೇರೆ ಕಡೆ ತಿರುಗಿಸಿದಳು. ಆ ಕ್ಷಣವೇ ಮಾತು ಕೊಟ್ಟೆ. ಮುಂದಿನ ಸಭೆಯಲ್ಲಿ ಸದಸ್ಯರ ವಿಧವೆಯರೂ ಸದಸ್ಯರಾಗಬಹುದು ಎಂದು ತಿದ್ದುಪಡಿ ತರುತ್ತೇನೆ, ಈ ಸಲ ಕೈ ಎತ್ತುವ ಕಥೆ ಇಲ್ಲ, ಗುಪ್ತ ಮತದಾನ ಎಂದೆ. ಕ್ಯಾಪ್ಟನ್ನರ ಕೈ ಕಾಣದಿದ್ದರೆ ಜನ ಮನಸ್ಸಿನಂತೆ ಹಾಕುತ್ತಾರೆ ಎನ್ನುವುದು ನನ್ನ ತಂತ್ರ. ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ.

ಮತಪೆಟ್ಟಿಗೆ ಮಾಡಿಕೊಟ್ಟವನು ಕೆ.ಆರ್. ಪೇಟೆಯ ಪುಟ್ಟಾಚಾರಿ. ಸೈನ್ಯದಲ್ಲಿ ಲಾರಿ ರಿಪೇರಿ ಮಾಡಿಕೊಂಡಿದ್ದು, ಊರಿಗೆ ಬಂದು ಮತ್ತೆ ಅಪ್ಪನ ಉಳಿ ಹಿಡಿದವನು. ನನ್ನ ವಾರಿಗೆಯವನೇ, ಸಲಿಗೆ ಜಾಸ್ತಿ. ಸಾಗುವಾನಿ ಪೆಟ್ಟಿಗೆ, ಮೂಲೆಯಲ್ಲಿ ಹಿತ್ತಾಳೆ ಪಟ್ಟಿ. ನೋಡಿದರೆ ಅದರಲ್ಲಿ ಮತ ಹಾಕುವುದಕ್ಕಿಂತ ಮಗಳಿಗೆ ಒಡವೆ ಇಟ್ಟುಕೊಡಬೇಕು ಎನ್ನಿಸುತ್ತಿತ್ತು. ಸಭೆಯ ದಿನ ನಾನೂ ಸೇರಿ ಅರವತ್ತೊಂದು ಜನ ಇದ್ದೆವು. ಮೂಲೆಯಲ್ಲಿ ಕಂಬಳಿ ಕಟ್ಟಿ ಮರೆ ಮಾಡಿದ್ದೆ. ಒಳಗೊಂದು ಮೇಜು, ದಾರ ಕಟ್ಟಿದ ಒಂದು ಪೆನ್ನು. ಚೀಟಿಯಲ್ಲಿ 'ಒಪ್ಪಿಗೆ ಇದೆ', 'ಒಪ್ಪಿಗೆ ಇಲ್ಲ' ಎಂದು ಎರಡು ಚೌಕ. ಬೇಕಾದ್ದಕ್ಕೆ ಗುರುತು ಹಾಕಿ, ಬೇರೇನೂ ಬರೆಯಬೇಡಿ, ಯಾರದ್ದು ಯಾವ ಮತ ಎಂದು ದೇವರಿಗೂ ತಿಳಿಯಬಾರದು ಎಂದು ಎರಡೆರಡು ಸಲ ಹೇಳಿದೆ. ಕ್ಯಾಪ್ಟನ್ ಸಾಹೇಬರು ಎದ್ದು, "ಎಲ್ರುಗೂ ಸಮಜ್ ಆಯ್ತೇನ್ರಪ್ಪಾ?" ಎಂದರು. ಐವತ್ತೊಂಬತ್ತು ಗಂಟಲು ಒಟ್ಟಿಗೆ ಆಯಿತು ಸಾಬ್ ಎಂದವು. ನಾನು ನಂಬಿದೆ.

ಸಣ್ಣಮ್ಮ ಹೊರಗೆ ಬಾಗಿಲ ಪಕ್ಕ ನಿಂತಿದ್ದಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದಳು. ಸಾಲು ಜಗುಲಿಯವರೆಗೂ ಹೋಗಿತ್ತು, ಹೇಳಬೇಕಾಗಿಲ್ಲ, ರ್‍ಯಾಂಕಿನ ಪ್ರಕಾರ. ಚೀಟಿ ಹಂಚಿ ಮುಗಿಸಿ ನಾನು ಕೊನೆಯಲ್ಲಿ ನಿಂತೆ. ನನ್ನ ಮುಂದಿದ್ದ ಪುಟ್ಟಾಚಾರಿ ಹಿಂದಕ್ಕೆ ಬಾಗಿ, "ಒಳ್ಳೇ ಕೆಲ್ಸ ಮಾಡ್ದೆ ಕಣ್ಲಾ ಬಾಬು. ಆವಮ್ಮ ಒಳಕ್ಕೆ ಬಂದ್ಬುಟ್ರೆ ಸೆಕ್ರೆಟ್ರಿ ಕೆಲ್ಸಾನೂ ಅವ್ಳಿಗೇ ಕೊಟ್ಬುಡದು. ಎಂಗಿದ್ರೂ ಎಲ್ಲಾ ಅವ್ಳೇ ಮಾಡ್ತಾವ್ಳೆ. ನೀನು ಆರಾಮಾಗಿ ಗದ್ದೆಗೆ ನೀರ್ ಕಟ್ಕಂಡಿರು" ಎಂದು ಹೇಳಿ, ನನ್ನ ಭುಜ ತಟ್ಟಿ ಕಂಬಳಿಯ ಮರೆಗೆ ಹೋದ.

ಇಲ್ಲಿ ನಾನು ನಿಮಗೊಂದು ಗುಟ್ಟು ಹೇಳಬೇಕು, ಇದನ್ನು ಮನೆಯಲ್ಲೂ ಹೇಳಿಲ್ಲ. ಮನೆಯಲ್ಲಿ ನನ್ನ ಮಾತಿಗೆ ಅಂಥ ಬೆಲೆಯೇನಿಲ್ಲ. ಸಾರಿಗೆ ಉಪ್ಪು ಕಮ್ಮಿ ಎಂದರೂ ನನ್ನ ಹೆಂಡತಿ ಮಗನ ಮುಖ ನೋಡಿ ಖಾತ್ರಿ ಮಾಡಿಕೊಳ್ಳುತ್ತಾಳೆ. ಈ ಭೂಮಿಯ ಮೇಲೆ ನಾನು ಬಂದರೆ ನಾಲ್ಕು ಜನ ಎದ್ದು ನಿಲ್ಲುವ ಜಾಗ ಅಂದರೆ ಸಂಘದ ಕಾರ್ಯದರ್ಶಿಯ ಕುರ್ಚಿ. ಅದೂ ಹೋದರೆ ನಾನು ಬರೇ ಅರಕೆರೆಯ ಒಬ್ಬ ಮುದುಕ. ಮರೆಯೊಳಗೆ ನಿಂತಾಗ ಇದೇ ತಲೆಯಲ್ಲಿ ಸುತ್ತುತ್ತಿತ್ತು. ಒಂದು ಮತದಿಂದ ಏನಾಗುತ್ತದೆ, ಹೇಗೂ ಗುಪ್ತ ತಾನೇ ಎನ್ನಿಸಿತು. ಕೈ ತಾನಾಗಿಯೇ 'ಒಪ್ಪಿಗೆ ಇಲ್ಲ' ಎಂಬ ಚೌಕಕ್ಕೆ ಹೋಯಿತು. ಗುರುತು ಹಾಕಿ, ಚೀಟಿ ಮಡಚಿ, ಪೆಟ್ಟಿಗೆಗೆ ಹಾಕಿ ಹೊರಗೆ ಬಂದೆ. ಬಾಗಿಲಲ್ಲಿ ಸಣ್ಣಮ್ಮ ನನ್ನ ಕಡೆ ನೋಡಿ ನಕ್ಕಳು. ನಾನು ಮೂಗು ಒರೆಸಿಕೊಂಡೆ.

ಪೆಟ್ಟಿಗೆಯನ್ನು ಚೆನ್ನಾಗಿ ಕುಲುಕಿ ಎಣಿಕೆ ಶುರು ಮಾಡಿದೆ. ಮೊದಲ ಚೀಟಿ ಬಿಚ್ಚಿದೆ. 'ಒಪ್ಪಿಗೆ ಇದೆ' ಚೌಕದಲ್ಲಿ ಗುರುತು. ಅದರ ಕೆಳಗೆ ಸೈನಿಕ ಸಂಖ್ಯೆ, ರ್‍ಯಾಂಕು, ಹೆಸರು, ಸ್ಥಳ ಶ್ರೀರಂಗಪಟ್ಟಣ, ತಾರೀಖು, ಸಹಿ. ಎರಡನೆಯದು ಬಿಚ್ಚಿದೆ, ಸಂಖ್ಯೆ, ರ್‍ಯಾಂಕು, ಹೆಸರು, ಸಹಿ. ಮೂರನೆಯದರಲ್ಲಿ 'ತಮ್ಮ ವಿಧೇಯ' ಎಂದೂ ಇತ್ತು. ಪುಟ್ಟಾಚಾರಿಯಂತೂ, ದಾಖಲೆಗೆ ಇನ್ನೊಂದು ಪ್ರತಿ ಬೇಕಿತ್ತು ಎಂದು ಚೀಟಿಯ ಮೂಲೆಯಲ್ಲಿ ಬರೆದಿದ್ದ. ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. ಬೇರೇನೂ ಬರೆಯಬೇಡಿ ಎಂದಿದ್ದೆನಲ್ಲ ಎಂದು ಕೇಳಿದರೆ, "ಬ್ಯಾರೆ ಏನೂ ಬರ್ದಿಲ್ವಲ್ಲಪ್ಪ, ಬರೀ ಸಹಿ ಹಾಕಿವ್ನಿ" ಎಂದು ಉತ್ತರ ಬಂತು. ಅವರನ್ನು ಬಯ್ದು ಪ್ರಯೋಜನವಿಲ್ಲ. ಸೈನ್ಯದಲ್ಲಿ ಸಂಖ್ಯೆ, ರ್‍ಯಾಂಕು, ಹೆಸರು ಇಲ್ಲದ ಕಾಗದ ಹುಟ್ಟೇ ಇಲ್ಲ. ಅದನ್ನು ಅವರಿಗೆ ಇಪ್ಪತ್ತು ವರ್ಷ ಕಲಿಸಿದವನು ನನ್ನಂಥ ಕ್ಲರ್ಕೇ.

ಆದರೆ ಚೀಟಿ ಬಿಚ್ಚುತ್ತ ಹೋದಂತೆ ಹಾಲಿನಲ್ಲಿ ಬೇರೆಯದೇ ಆಗತೊಡಗಿತು. ಇಪ್ಪತ್ತು ಒಪ್ಪಿಗೆ ಇದೆ, ಮೂವತ್ತು ಒಪ್ಪಿಗೆ ಇದೆ. ಸುಬೇದಾರರದು ಇದೆ, ಸಿಪಾಯಿಯದು ಇದೆ. ಆಮೇಲೆ ನಡುಗುವ ಕೈಯ ದಪ್ಪ ಅಕ್ಷರದಲ್ಲಿ, ಆನರರಿ ಕ್ಯಾಪ್ಟನ್ ಮರಿಗೌಡ, ಒಪ್ಪಿಗೆ ಇದೆ. ನಾನು ಓದಿದ್ದು ಸರಿಯೇ ಎಂದು ಇನ್ನೊಮ್ಮೆ ನೋಡಿದೆ. ಜನರೆಲ್ಲ ಅವರ ಕಡೆ ತಿರುಗಿದರು. "ಮೂರ್ ಸಲ ಕೈ ಎತ್ಲಿಲ್ವಲ್ಲ ಸಾಬ್ ತಾವು?" ಎಂದು ಪುಟ್ಟಾಚಾರಿ ಕೇಳೇಬಿಟ್ಟ. ಕ್ಯಾಪ್ಟನ್ನರು ಗಂಟಲು ಸರಿಮಾಡಿಕೊಂಡರು. "ನಾನ್ ಎತ್ತುದ್ರೆ ನೀವೆಲ್ಲ ಎತ್ತುಬುಡ್ತೀರ. ಹೆಣ್ಮಗ್ಳ ವಿಷ್ಯ, ಬಲವಂತ ಆಗ್ಬಾರ್ದು, ನಿಮ್ ಮನ್ಸಲ್ ಏನದೋ ಮೊದ್ಲು ನೋಡವ ಅಂತ ಕೂತಿದ್ದೆ. ನೀವ್ ಯಾರೂ ಎತ್ಲಿಲ್ಲ. ಬ್ಯಾಡ ಅನ್ಕಂಡವ್ರೆ ಅಂದ್ಕಂಡೆ" ಎಂದರು. ಅವರು ನಮ್ಮ ಕೈ ನೋಡುತ್ತ, ನಾವು ಅವರ ಕೈ ನೋಡುತ್ತ, ಆ ಹೆಣ್ಣುಮಗಳನ್ನು ಇಷ್ಟು ವರ್ಷ ಜಗುಲಿಯಲ್ಲಿ ಕೂರಿಸಿದ್ದೆವು. ಒಬ್ಬ ಮುದುಕ ಸುಬೇದಾರರು ಕನ್ನಡಕ ತೆಗೆದು ಒರೆಸಿದರು.

ಅರವತ್ತು ಚೀಟಿ ಮುಗಿಯಿತು, ಅರವತ್ತೂ ಇದೆ. ಪೆಟ್ಟಿಗೆಯ ತಳದಲ್ಲಿ ಒಂದೇ ಉಳಿದಿತ್ತು. ಯಾವುದೆಂದು ನನಗೆ ಗೊತ್ತು. ನುಂಗಿಬಿಡೋಣವೆಂದರೆ ಅಷ್ಟು ಜನ ನೋಡುತ್ತಿದ್ದಾರೆ. ಬಿಚ್ಚಿದೆ. ಒಪ್ಪಿಗೆ ಇಲ್ಲ. ಹೆಸರಿಲ್ಲ, ಸಹಿ ಇಲ್ಲ. ಅಷ್ಟರಲ್ಲಿ ಪುಟ್ಟಾಚಾರಿ ಮೇಜಿನ ಮೇಲಿದ್ದ ತನ್ನ ಚೀಟಿ ಎತ್ತಿಕೊಂಡು ಹಿಂದುಮುಂದು ಮಾಡಿ, ಹಿಂಬದಿಯಲ್ಲಿ ನಾನೇ ಅಚ್ಚು ಹಾಕಿಸಿದ್ದ ಸಾಲನ್ನು ಗಟ್ಟಿಯಾಗಿ ಓದಿದ: 'ಹೆಸರು ಅಥವಾ ಸಹಿ ಇರುವ ಚೀಟಿ ಅಸಿಂಧು.' ಓದಿ ಮುಗಿಸಿದ ಮೇಲೆ ಅವನಿಗೇ ಅರ್ಥವಾಯಿತು. "ಲೇ ಬಾಬು, ಅಂಗಂದ್ರೆ ನಮ್ದು ಅರ್ವತ್ತೂ ಎಗರೋಯ್ತದಾ? ಉಳ್ಕಳದು ಅದೊಂದೇಯಾ?" ಎಂದ.

ಹೌದು. ನನ್ನ ನಿಯಮದ ಪ್ರಕಾರ ಸಿಂಧುವಾದ ಮತ ಒಂದೇ, ಅದು ನನ್ನದು, ಅದು ಇಲ್ಲ ಎನ್ನುತ್ತಿತ್ತು. ಒಂದಕ್ಕೆ ಸೊನ್ನೆಯ ಬಹುಮತದಿಂದ ಸಣ್ಣಮ್ಮ ಸೋತಿದ್ದಳು. ಬಾಗಿಲ ಕಡೆ ನೋಡುವ ಧೈರ್ಯ ನನಗಾಗಲಿಲ್ಲ. ಯಾರೋ ಇದು ಯಾವನ ಚೀಟಿ ಎಂದು ಕೇಳಿದರು. ಚೀಟಿ ಒಬ್ಬರ ಕೈಯಿಂದ ಒಬ್ಬರ ಕೈಗೆ ಹೋಯಿತು. ದಾರ ಕಟ್ಟಿದ್ದ ಪೆನ್ನು ನೀಲಿ. ಈ ಗುರುತು ಹಸಿರು. ಸರ್ಕಾರದಲ್ಲಿ ಹಸಿರು ಶಾಯಿ ಆಫೀಸರುಗಳದ್ದು, ಕ್ಲರ್ಕು ಮುಟ್ಟುವಂತಿಲ್ಲ. ಇಪ್ಪತ್ತನಾಲ್ಕು ವರ್ಷ ಆಸೆ ತಡೆದುಕೊಂಡು, ನಿವೃತ್ತಿಯಾದ ದಿನವೇ ನಾನು ಕೊಂಡದ್ದು ಒಂದು ಹಸಿರು ಪೆನ್ನು. ನಾಲ್ಕು ತಾಲ್ಲೂಕಿನಲ್ಲಿ ಅಂಥ ಪೆನ್ನು ಇನ್ನೊಬ್ಬರ ಜೇಬಿನಲ್ಲಿಲ್ಲ. ಎಲ್ಲರೂ ನನ್ನ ಜೇಬು ನೋಡಿದರು. ಕ್ಯಾಪ್ಟನ್ನರು ಬಾಯಿ ತೆರೆದರು.

ಆಗ ಬಾಗಿಲಿಂದ ಸಣ್ಣಮ್ಮನ ದನಿ ಬಂತು. "ಗುಪ್ತ ಮತದಾನ ಅಂದ್ಮೇಲೆ ಯಾರ್ದು ಅಂತ ಕೇಳ್ಬಾರ್ದು ಕನ್ರಪ್ಪ. ಪುಸ್ತಕದಲ್ಲಿ ಅಂಗೇ ಬರ್ದದೆ. ಬಾಬಣ್ಣೋರೇ ಬರ್ದಿರೋದು." ನಾನು ಹೋರಾಡಿ ತಂದ ಆಧುನಿಕ ಪದ್ಧತಿಯ ಮೊದಲ ಫಲಾನುಭವಿ ನಾನೇ ಆದೆ, ಅದನ್ನು ಕೊಟ್ಟವಳು ನಾನು ಬೆನ್ನಿಗೆ ಚೂರಿ ಹಾಕಿದ ಹೆಣ್ಣುಮಗಳು.

ಕ್ಯಾಪ್ಟನ್ನರು ನಿಧಾನವಾಗಿ ಎದ್ದು ನಿಂತರು. "ಚೀಟಿ ಗೀಟಿ ಅತ್ಲಾಗ್ ಮಡುಗ್ಲಾ ಬಾಬು. ಇಂಗ್ ನೋಡ್ರಪ್ಪ" ಎಂದು ಬಲಗೈಯನ್ನು ಸೀದಾ ಮೇಲಕ್ಕೆತ್ತಿದರು. ಹಾಲಿಗೆ ಹಾಲೇ ಕೈಯಾಯಿತು. ಈ ಸಲ ಯಾರೂ ಅವರ ಕೈ ನೋಡುತ್ತಿರಲಿಲ್ಲ, ಎಲ್ಲರೂ ಬಾಗಿಲ ಕಡೆ ನೋಡುತ್ತಿದ್ದರು. ನನ್ನ ಕೈಯೂ ಮೇಲಿತ್ತು, ಸುಳ್ಳಲ್ಲ, ಒಂದಲ್ಲ ಎರಡೂ ಎತ್ತಿದ್ದೆ. ಅರವತ್ತೊಂದಕ್ಕೆ ಅರವತ್ತೊಂದು ಎಂದು ನಾನೇ ಕೂಗಿದೆ. ಸಣ್ಣಮ್ಮ ಹೊಸ್ತಿಲಾಚೆ ಚಪ್ಪಲಿ ಬಿಟ್ಟು, ಹನ್ನೊಂದು ವರ್ಷದಲ್ಲಿ ಮೊದಲ ಸಲ ಹಾಲಿನೊಳಗೆ ಕಾಲಿಟ್ಟಳು. ಕ್ಯಾಪ್ಟನ್ನರು ಅವಳಿಗೆ ಸೆಲ್ಯೂಟ್ ಹೊಡೆದರು. ಅಧ್ಯಕ್ಷರು ಹೊಡೆದ ಮೇಲೆ ಕೇಳಬೇಕೆ, ಕೂತಿದ್ದವರೆಲ್ಲ ಕುರ್ಚಿ ತಳ್ಳಿ ಎದ್ದರು. ಅವಳು ಸೆರಗಿನಿಂದ ಮುಖ ಒತ್ತಿಕೊಂಡು ರಿಜಿಸ್ಟರಿಗೆ ಸಹಿ ಹಾಕಿದಳು, ಸಣ್ಣಮ್ಮ ಎಂದು, ದೊಡ್ಡದಾಗಿ, ಎರಡು ಸಾಲು ಹಿಡಿಯುವ ಹಾಗೆ. ಆ ದಿನ ಮುದ್ದೆ, ನಾಟಿ ಕೋಳಿ ಸಾರು. ಅವಳನ್ನು ಮೊದಲ ಪಂಕ್ತಿಯಲ್ಲಿ, ಕ್ಯಾಪ್ಟನ್ನರ ಪಕ್ಕ ಕೂರಿಸಿ ಬಡಿಸಿದೆವು. ಈಗ ನಮ್ಮಲ್ಲಿ ಹತ್ತೊಂಬತ್ತು ಹೆಣ್ಣುಮಕ್ಕಳು ಸದಸ್ಯರಿದ್ದಾರೆ. ವಾಟ್ಸಾಪ್ ಗ್ರೂಪಿನಲ್ಲಿ ಯಾರೂ ಯಾರ ಅಪ್ಪಣೆಗೂ ಕಾಯುವುದಿಲ್ಲ, ಕೋಳಿ ಕೂಗುವ ಮೊದಲೇ ಶುರು.

ಮುಂದಿನ ಸಭೆಯಲ್ಲಿ ಸಣ್ಣಮ್ಮನೇ ಕಾರ್ಯದರ್ಶಿಯಾದಳು. ಹೆಸರು ಸೂಚಿಸಿದವನು ನಾನು. ಒಳ್ಳೆಯತನದಿಂದಲ್ಲ, ಆ ಹಸಿರು ಗುರುತು ಮನಸ್ಸು ಕೊರೆಯುವುದನ್ನು ತಡೆಯಲಾರದೆ. ಈ ನವೆಂಬರಿನಲ್ಲಿ ನಾನೂ ಬದುಕಿದ್ದೇನೆ ಎಂದು ತೋರಿಸಲು ಬೆಳಿಗ್ಗೆಯೇ ಫಾರಂ ಹಿಡಿದು ಬಂದೆ. ಹತ್ತಿರ ಯಾರೂ ಇಲ್ಲದ ಹೊತ್ತು ನೋಡಿ, "ಅವತ್ತು ಆ ಚೀಟಿ ನಂದೇ ಕಣಮ್ಮ, ತಪ್ಪಾಯ್ತು" ಎಂದೆ. ಅವಳು ಯಂತ್ರದ ಗಾಜು ಒರೆಸುತ್ತ ತಲೆಯೆತ್ತದೆ, "ಗೊತ್ತು ಕನಣ್ಣ. ಅದ್ಕೇ ನಿಮ್ ಫಾರಂ ಎಲ್ಲಾರ್ದುಕ್ಕಿಂತ ಅಡೀಲಿ ಮಡಗಿವ್ನಿ. ಕೂತ್ಕಳಿ, ಕರೀತೀನಿ" ಎಂದಳು. ಕೂತಿದ್ದೇನೆ. ಇಷ್ಟನ್ನೂ ಬರೆದದ್ದು ಹಾಗೆ ಕೂತೇ. ಮಧ್ಯಾಹ್ನ ಮೂರು ಗಂಟೆಯಾಯಿತು, ಇನ್ನು ನಾಲ್ಕೇ ಫಾರಂ ಆದರೆ ನನ್ನದು ಎಂದುಕೊಂಡಿದ್ದೆ. ಈಗ ತಾನೇ ಕೆ.ಆರ್. ಪೇಟೆ ಬಸ್ಸು ಬಂದು ನಿಂತಿದೆ. ಏಳು ಜನ ಇಳಿದರು, ಎಲ್ಲರ ಕೈಯಲ್ಲೂ ಫಾರಂ ಇದೆ.